ಔಟರಿನ ಆಚೆ ಕೊಟ್ಟ ಮಾತು

ನಮ್ಮೂರಲ್ಲಿ ರೈಲಿನ ಕೈಮರ ಬೀಳದಿದ್ದರೆ ಜನ ಸ್ಟೇಷನ್ ಕಡೆ ನೋಡುವುದಿಲ್ಲ, ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಯಾರೋ ಎರಡು ಮಾತು ಕೊಟ್ಟಿದ್ದಾರೆ ಎಂಬುದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಒಂದು ನಡೆದರೆ ಇನ್ನೊಂದು ನಡೆಯಲಾರದಂಥ ಎರಡು ಮಾತುಗಳನ್ನು ಒಬ್ಬರೇ ಇಬ್ಬರಿಗೆ ಕೊಟ್ಟರೆ ಕ್ಯಾಬಿನ್ನಿನ ಲಿವರ್ ಬರುವುದಿಲ್ಲ. ಲಿವರ್ ಬರದಿದ್ದರೆ ಕಂಬದ ಮೇಲಿನ ಕೆಂಪು ಕೈ ಇಳಿಯುವುದಿಲ್ಲ. ಕೈ ಇಳಿಯದಿದ್ದರೆ ರೈಲು ಊರ ಹೊರಗೆ, ಔಟರ್ ಕಂಬದ ಬುಡದಲ್ಲಿ ನಿಂತೇ ಇರುತ್ತದೆ. ಕೊಟ್ಟವರು ಎರಡರಲ್ಲಿ ಒಂದನ್ನು, ಯಾರಿಗೆ ಕೊಟ್ಟಿದ್ದರೋ ಅವರಿಗೇ ಹೇಳಿ, ಹಿಂದಕ್ಕೆ ತೆಗೆದುಕೊಳ್ಳಬೇಕು. ಆಮೇಲೆ ಎಲ್ಲ ಸರಾಗ.

ನಾನು ಫಕೀರವ್ವ. ಆ ಕ್ಯಾಬಿನ್ನಿನಲ್ಲಿ ಹನ್ನೊಂದು ವರ್ಷ ಲಿವರ್ ಎಳೆದವಳು. ನನಗಿಂತ ಮೊದಲು ನಮ್ಮಪ್ಪ ಎಳೆಯುತ್ತಿದ್ದ. ಅವನು ನೌಕರಿಯಲ್ಲಿದ್ದಾಗಲೇ ತೀರಿಕೊಂಡ, ಅವನ ಜಾಗ ನನಗೆ ಬಂತು. ಆಗ ನನಗೆ ಇಪ್ಪತ್ತೆರಡು. ಹೆಣ್ಣುಮಗಳು ಕ್ಯಾಬಿನ್ ಹತ್ತುತ್ತಾಳೆ ಅಂದಾಗ ಊರಿನ ಗಂಡಸರಿಗೆ ನಗು ಬಂತು. ಮೊದಲನೇ ದಿನ ಔಟರಿನ ಲಿವರ್ ಎಳೆಯುವಾಗ ನಾನು ಬೆನ್ನ ಮೇಲೆ ಬಿದ್ದದ್ದೂ ನಿಜ. ಎರಡನೇ ವಾರದಿಂದ ಯಾರೂ ನಗಲಿಲ್ಲ.

ನಮ್ಮ ಕ್ಯಾಬಿನ್ನಿಗೆ ಎರಡು ಅಂತಸ್ತು. ಕೆಳಗೆ ಕಲ್ಲಿನ ಗೋಡೆ, ಮೇಲೆ ಮೂರು ಕಡೆ ಗಾಜಿನ ಕಿಟಕಿಗಳಿರುವ ಮರದ ಕೋಣೆ, ನಡುವೆ ಇಪ್ಪತ್ತೊಂದು ಮೆಟ್ಟಿಲು. ಮೇಲೆ ಹದಿನೆಂಟು ಲಿವರ್‌ಗಳು ಎದೆಯೆತ್ತರಕ್ಕೆ ಸಾಲಾಗಿ ನಿಂತಿವೆ. ಕೈಮರದವು ಕೆಂಪು, ಹಳಿ ಬದಲಿಸುವವು ಕಪ್ಪು, ಕೆಲಸವಿಲ್ಲದವು ಬಿಳಿ. ಹಿಡಿಕೆ ಮಾತ್ರ ಬರೀ ಉಕ್ಕು, ಕನ್ನಡಿಯಂತೆ ಹೊಳೆಯಬೇಕು. ಬರಿಗೈಯಲ್ಲಿ ಮುಟ್ಟಿದರೆ ಬೆವರಿಗೆ ತುಕ್ಕು ಹಿಡಿಯುತ್ತದೆಂದು ಹೆಗಲ ಮೇಲೆ ಯಾವಾಗಲೂ ಒಂದು ಅರಿವೆ ಇರುತ್ತದೆ. ಕೆಳಗಿನ ಕತ್ತಲೆ ಕೋಣೆಯಲ್ಲಿ ಕಬ್ಬಿಣದ ಪಟ್ಟಿಗಳು ಉದ್ದಕ್ಕೂ ಅಡ್ಡಕ್ಕೂ ಹರಡಿಕೊಂಡಿವೆ. ಮೇಲೆ ಒಂದು ಲಿವರ್ ಎಳೆದರೆ ಕೆಳಗೆ ಒಂದು ಪಟ್ಟಿ ಸರಿದು, ಅದಕ್ಕೆ ವಿರುದ್ಧವಾದ ಲಿವರ್‌ಗಳ ಕಚ್ಚಿನಲ್ಲಿ ಹೋಗಿ ಕೂರುತ್ತದೆ. ಒಂದೇ ಹಳಿಗೆ ಎರಡು ಗಾಡಿಯನ್ನು ಕರೆಯಲು ಆಗದಿರಲಿ ಎಂದು ಮಾಡಿದ ಏರ್ಪಾಡು. ಎಲ್ಲ ಕ್ಯಾಬಿನ್ನುಗಳಲ್ಲೂ ಇದು ಇರುತ್ತದೆ. ನಮ್ಮದು ಸ್ವಲ್ಪ ಹೆಚ್ಚು ಕಟ್ಟುನಿಟ್ಟು, ಅಷ್ಟೆ.

ನಮ್ಮೂರಿಗೆ ಹಳಿ ಹಾಕಿದಾಗ ಆ ಪಟ್ಟಿಗಳು ಹಡಗಿನಲ್ಲಿ ಬರಬೇಕಿತ್ತಂತೆ. ಪೆಟ್ಟಿಗೆ ಬಂದರಿನಲ್ಲೇ ನೀರಿಗೆ ಬಿತ್ತು. ಮೊದಲ ಗಾಡಿ ಬರುವ ದಿನ ಹತ್ತಿರವಾಗಿತ್ತು. ನಮ್ಮೂರ ಕಮ್ಮಾರ ಮೌನಪ್ಪ ನಕಾಶೆ ನೋಡಿಕೊಂಡು ಎರಡು ತಿಂಗಳು ಕುಲುಮೆ ಆರಿಸದೆ ಎಲ್ಲ ಪಟ್ಟಿಗಳನ್ನೂ ಬಡಿದು ಕೊಟ್ಟ. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು ಎನ್ನುವಂಥ ಮನುಷ್ಯ. ಪರೀಕ್ಷೆಯ ದಿನ ಇಂಜಿನಿಯರ್ ಸಾಹೇಬರು ಎರಡನೇ ನಂಬರನ್ನು, ಅಂದರೆ ಊರ ಕೈಮರದ ಲಿವರನ್ನು, ಎಳೆದರು, ಬರಲಿಲ್ಲ. ಮೌನಪ್ಪನ ಕೆಲಸವನ್ನು ಬಾಯಿಗೆ ಬಂದಂತೆ ಬೈದರು. ಮೌನಪ್ಪ ಕೈ ಒರೆಸಿಕೊಂಡು, "ಸಾಹೇಬ್ರ, ಯಾರಿಗರ ಎರಡ ಮಾತ ಕೊಟ್ಟೀರೇನ್ರಿ?" ಎಂದು ಕೇಳಿದನಂತೆ. ಸಾಹೇಬರ ಮುಖ ಕೆಂಪಾಯಿತು. ಕೆಳಗಿಳಿದು ಹೋಗಿ ಯಾರಿಗೋ ತಂತಿ ಕಳಿಸಿದರು. ತಂತಿಯಲ್ಲಿ ಏನಿತ್ತೋ ಊರಿಗೆ ಇವತ್ತಿಗೂ ಗೊತ್ತಿಲ್ಲ. ವಾಪಸು ಬಂದು ಹಿಡಿದರೆ ಲಿವರ್ ತಾನಾಗಿ ಕೈಗೆ ಬಂತು.

ಅಂದಿನಿಂದ ನಮ್ಮೂರು ಹೀಗೆ ಹೊಂದಿಕೊಂಡಿದೆ. ನಮ್ಮವರು ಯಾವುದಕ್ಕೂ ಥಟ್ಟನೆ "ಆಗ್ಲಿ" ಅನ್ನುವುದಿಲ್ಲ, "ನೋಡೂಣು" ಅನ್ನುತ್ತಾರೆ. ಮದುವೆ ಕುದುರಿಸುವವರು, ಚುನಾವಣೆಗೆ ನಿಂತವರು, ಬೀಗರನ್ನು ಸಮಾಧಾನ ಮಾಡಬೇಕಾದವರು ಔಟರ್ ಕಂಬ ದಾಟಿ ಹೋಗಿ ಅಲ್ಲಿಯ ಹುಣಸೆಮರದ ಕೆಳಗೆ ಮಾತು ಕೊಟ್ಟು ಬರುತ್ತಾರೆ. ಕಂಬದ ಆಚೆ ಆಡಿದ್ದು ಕ್ಯಾಬಿನ್ನಿಗೆ ತಾಗುವುದಿಲ್ಲ ಎಂಬುದು ಊರಿನ ನಂಬಿಕೆ. ಆ ಮರದ ಕೆಳಗೆ ಹುಲ್ಲು ಬೆಳೆಯಲು ಜನ ಪುರುಸೊತ್ತು ಕೊಟ್ಟಿಲ್ಲ. ಟೇಲರ್ ಪರಸಣ್ಣನಂಥವರು ಒಂದೇ ದಿನಕ್ಕೆ ಆರು ಮಂದಿಗೆ ಕುಪ್ಪಸ ಕೊಡುತ್ತೇನೆ ಅನ್ನುವುದರಿಂದ ಬರೀ ಹದಿನಾಲ್ಕನೇ ನಂಬರು, ಅಂದರೆ ಖಾಲಿ ಡಬ್ಬಿಗಳನ್ನು ಹಿಂದೆ ಮುಂದೆ ಸರಿಸುವ ಲಿವರ್, ಸ್ವಲ್ಪ ಬಿಗಿಯಾಗುತ್ತದೆ. ಟೇಲರುಗಳ ಮಾತಿಗೆ ಇಡೀ ರೈಲು ನಿಲ್ಲಿಸಬಾರದು ಎನ್ನುವಷ್ಟು ವಿವೇಕ ಮೌನಪ್ಪನ ಪಟ್ಟಿಗಳಿಗೆ ಇದೆ. ಯಾವ ಮಾತಿನ ತೂಕ ಎಷ್ಟು, ಅದು ಯಾವ ಲಿವರಿನ ಮೇಲೆ ಕೂರಬೇಕು ಎನ್ನುವುದು ಅವಕ್ಕೇ ಗೊತ್ತು.

ಬೇರೆ ಊರಲ್ಲಾದರೆ ಕೈಮರ ಕೆಟ್ಟಾಗ ಸ್ಟೇಷನ್ ಮಾಸ್ತರು ಡ್ರೈವರನಿಗೆ ಒಂದು ಚೀಟಿ ಬರೆದು ಕೊಡುತ್ತಾರೆ, ಗಾಡಿ ನಿಧಾನಕ್ಕೆ ಒಳಗೆ ಬರುತ್ತದೆ. ನಮ್ಮಪ್ಪನ ಕಾಲದಲ್ಲಿ ಒಬ್ಬ ಮಾಸ್ತರು ಹಾಗೆ ಚೀಟಿ ಕೊಟ್ಟಿದ್ದರು. ಗಾಡಿ ಹೊರಟಿತು. ಚಕ್ರ ತಿರುಗಿದವು, ಹೊಗೆ ಬಂತು, ಒಂದು ತಾಸು ಗಾಡಿ ಓಡಿತು. ಅಷ್ಟು ಹೊತ್ತೂ ಔಟರ್ ಕಂಬ ಡ್ರೈವರನ ಎಡಗೈ ಪಕ್ಕದಲ್ಲೇ ಇತ್ತು. ನಮ್ಮಪ್ಪ ಅದನ್ನು ಕಿಟಕಿಯಿಂದ ನೋಡಿದ್ದ. ಅದನ್ನು ಹೇಳುವಾಗ ಪ್ರತಿಸಲವೂ ಅವನ ದನಿ ತಗ್ಗುತ್ತಿತ್ತು.

ಇನ್ನೊಂದು ಸಂಗತಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅದು ಸರಕಿನ ಹಳಿಯ ಒಂಬತ್ತನೇ ನಂಬರಿನದು. ಅರವತ್ತು ವರ್ಷದ ಹಿಂದೆ ಗೌರವ್ವ ಎಂಬ ಸೊಸೆ, ಹಾಸಿಗೆ ಹಿಡಿದ ಅತ್ತೆಗೆ ಈ ಮನೆ ಬಿಟ್ಟು ಹೋಗುವುದಿಲ್ಲ ಎಂದು ಮಾತು ಕೊಟ್ಟಳು. ಕರೆಯಲು ಬಂದ ಅಣ್ಣನಿಗೆ ನಿನ್ನ ಜೊತೆ ಬಂದುಬಿಡುತ್ತೇನೆ ಎಂದಳು. ಒಂಬತ್ತನೇ ನಂಬರು ಬಿಗಿಯಿತು. ಅತ್ತೆಯ ಹತ್ತಿರ ಹೋಗಿ ಹೇಳಲು ಗೌರವ್ವನಿಗೆ ಬಾಯಿ ಬರಲಿಲ್ಲ. ಹೇಳುವುದರೊಳಗೆ ಅತ್ತೆ ಹೋಗಿಬಿಟ್ಟಳು. ಸತ್ತವರಿಂದ ಮಾತು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ಅಣ್ಣನಿಗೆ ಇಲ್ಲ ಎಂದಿದ್ದರೆ ಬಿಗಿ ಬಿಡುತ್ತಿತ್ತು. ಗೌರವ್ವ ಅಣ್ಣನ ಜೊತೆ ಹೋದಳು. ಒಂಬತ್ತು ಮತ್ತೆ ಬರಲೇ ಇಲ್ಲ. ಸರಕಿನ ಹಳಿಯಲ್ಲಿ ಅಂದು ನಿಂತಿದ್ದ ಮೂರು ಡಬ್ಬಿಗಳು ಇವತ್ತಿಗೂ ಅಲ್ಲೇ ಇವೆ. ಒಂದರ ನೆಲ ಸೀಳಿ ಬೇವಿನಮರ ಬೆಳೆದಿದೆ, ಇನ್ನೊಂದರಲ್ಲಿ ಅಂಚೆ ಕಚೇರಿ ನಡೆಯುತ್ತದೆ. ಮೇಲಿನವರು ಬಂದು ನೋಡಿ, ಒಂಬತ್ತಕ್ಕೆ ಬಿಳಿ ಬಣ್ಣ ಬಳಿದು ಹೋದರು. ಗೌರವ್ವನನ್ನು ಕೆಲವರು ಬೈಯುತ್ತಾರೆ. ನಾನು ಆ ಲಿವರನ್ನು ದಿನಾ ಒರೆಸುವಾಗ ಅವಳನ್ನು ಒಂದು ದಿನವೂ ಬೈದಿಲ್ಲ.

ನನಗೆ ಕೆಲಸ ಕಲಿಸಿದವರು ಇಮಾಮ್‌ಸಾಬ್. ಊರಿಗೆಲ್ಲ ಇಮಾಮ್ ಕಾಕಾ. ಮೂವತ್ತೊಂದು ವರ್ಷ ಲಿವರ್ ಎಳೆದವರು, ನಮ್ಮಪ್ಪನ ಜೋಡಿ. ಅವರಿಗೆ ಕಣ್ಣು ಮುಚ್ಚಿಕೊಂಡು, ಹಳಿ ಪಕ್ಕದ ರಾಟೆಗಳ ಮೇಲೆ ತಂತಿ ಓಡುವ ಸಪ್ಪಳದಲ್ಲೇ ಯಾವ ನಂಬರು, ಯಾರ ಕೈ ಎಂದು ಹೇಳಲು ಬರುತ್ತಿತ್ತು. ಲಿವರ್ ಬರದಿದ್ದಾಗ ಜಗ್ಗಾಡಬಾರದು ಎನ್ನುವುದು ಅವರ ಮೊದಲ ಪಾಠ. "ಅದು ಬರಾವಲ್ದು ಅಂದ್ರ ಯಾರೋ ಹಿಡದಾರ ಅಂತ ತಿಳಿ ಮಗಳ. ಮಂದೀ ಮಾತಿತ್ತಂದ್ರ ಗ್ವಾಡಿ ಹಿಡದಂಗ ಆಗ್ತದ, ಕೂದಲೆಳಿಯಷ್ಟೂ ಅಲಗೂದಿಲ್ಲ. ನಿಂದ ಮಾತಿತ್ತಂದ್ರ ಒಂದ ಬೆರಳಷ್ಟ ಬಂದು ಹಿಂದಕ ಜಗ್ತದ. ಕೈಗೆ ತಿಳೀತದ."

ಅವರು ನಿವೃತ್ತಿಯಾದ ದಿನ ತಮ್ಮ ಹೆಗಲ ಅರಿವೆಯನ್ನು ನನ್ನ ಹೆಗಲಿಗೆ ಹಾಕಿದರು. "ಹೊರಗಿನಾಂವ ಯಾವನರ ಬಂದಾ ಅಂದ್ರ, ಲಿವರ್ ಬರಲಿಲ್ಲಂದ್ರ ಎಣ್ಣಿ ಹಾಕ್ತಾನ, ಸುತ್ತಿಗಿ ತರ್ತಾನ. ಯಾರನ್ನೂ ಕೇಳೂದಿಲ್ಲ. ನೀ ಈ ಕ್ಯಾಬಿನ್ ಬಿಟ್ಟ ಹೋಗೂದಿಲ್ಲ ಅಂತ ಮಾತ ಕೊಡು," ಎಂದರು. ನನಗೆ ಆಗ ಇಪ್ಪತ್ತೆಂಟು. ಅಪ್ಪ ಇರಲಿಲ್ಲ, ಅವ್ವನೂ ಹೋಗಿದ್ದಳು. ಬಿಟ್ಟು ಹೋಗಲು ನನಗೆ ಯಾವ ಊರಿತ್ತು? ಕೊಟ್ಟೆ.

ಗುರುಪಾದ ಗೂಡ್ಸ್ ಗಾಡಿಯ ಗಾರ್ಡ್. ಎಂಟು ವರ್ಷ ನಾನು ಅವನನ್ನು ನೋಡಿದ್ದು ಕೊನೆಯ ಡಬ್ಬಿಯಲ್ಲಿ ನಿಂತು ಹಸಿರು ಬಾವುಟ ತೋರಿಸುವ ಅರ್ಧ ನಿಮಿಷ ಮಾತ್ರ. ನಾನೂ ಕಿಟಕಿಯಿಂದ ಬಾವುಟ ತೋರಿಸಬೇಕು, ಅದು ನಿಯಮ. ಎಂಟು ವರ್ಷದ ಅರ್ಧರ್ಧ ನಿಮಿಷಗಳನ್ನೆಲ್ಲ ಕೂಡಿಸಿದರೆ ಒಂದು ದಿನವೂ ಆಗಲಿಕ್ಕಿಲ್ಲ. ಆದರೂ ಆ ಡಬ್ಬಿಯಲ್ಲಿ ಬೇರೆ ಯಾರಾದರೂ ನಿಂತಿದ್ದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಹೀಗಿರುವಾಗ ಒಂದು ಭಾನುವಾರ ಸಂಜೆ, ಕೊನೆಯ ಗಾಡಿ ಹೋದ ಮೇಲೆ, ಅವನು ಜಂಕ್ಷನ್ನಿನಿಂದ ಸೈಕಲ್ ತುಳಿದುಕೊಂಡು ಬಂದ. ಅವನಿಗೆ ಸಮುದ್ರದ ಕಡೆಗೆ ವರ್ಗವಾಗಿತ್ತು.

"ನಾನು ನಾಳಿ ಬಿಟ್ಟ ಮುಂದಿನ ಸೋಮವಾರ ಹೋಗ್ತೀನ್ರಿ," ಎಂದ. ಆಮೇಲೆ ಸೈಕಲ್ಲಿನ ಗಂಟೆಯನ್ನು ಸುಮ್ಮನೆ ತಿರುವುತ್ತ, "ನೀವೂ ಬರ್ತೀರೇನು? ಲಗ್ನಾ ಮಾಡ್ಕೊಂಡು," ಎಂದ.

"ಇಲ್ಲಿ ಬ್ಯಾಡ. ಆಚೀಕ ನಡೀರಿ," ಎಂದೆ.

ಔಟರ್ ದಾಟಿ ಹುಣಸೆಮರದ ಕೆಳಗೆ ಹೋದೆವು. ಅವನು ಮತ್ತೆ ಕೇಳಿದ. ನಾನು ಹೂಂ ಅಂದೆ. ಅದು ಕಂಬದ ಆಚೆಯ ಹೂಂ, ಅದಕ್ಕೆ ಲೆಕ್ಕವಿಲ್ಲ, ಕಾಕಾನ ಹತ್ತಿರ ನಿಧಾನಕ್ಕೆ ಮಾತಾಡಿದರಾಯಿತು ಎಂದುಕೊಂಡೆ. ಊರಿನವರಿಗೆ ಬುದ್ಧಿ ಹೇಳುವ ಕ್ಯಾಬಿನ್ನಿನವಳೇ ಊರಿನವರಂತೆ ಲೆಕ್ಕ ಹಾಕಿದ್ದೆ. ವಾಪಸು ಬರುವಾಗ ಹಳಿಯ ಪಕ್ಕದ ಜಲ್ಲಿಕಲ್ಲಿನ ಮೇಲೆ ನನ್ನ ಕಾಲು ನೆಲಕ್ಕೆ ತಾಗಿದ ನೆನಪಿಲ್ಲ, ಅಷ್ಟು ಸಂತೋಷವಾಗಿತ್ತು.

ಮರುದಿನ ಬೆಳಿಗ್ಗೆ ಹತ್ತು ನಲವತ್ತರ ಗಾಡಿಗೆ ಇಮಾಮ್ ಕಾಕಾ ಬರುವವರಿದ್ದರು. ಎರಡು ವಾರದಿಂದ ಜಂಕ್ಷನ್ನಿನ ದೊಡ್ಡ ಆಸ್ಪತ್ರೆಯಲ್ಲಿದ್ದರು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ್ದರು. ಹಾಗಂದರೆ ಏನರ್ಥ ಎಂದು ಊರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಾಕಾನ ಮಗಳು ಜೈತುನಬಿ ಜೊತೆಗಿದ್ದಳು. ಅವರಿಗೆ ಮನೆಯಲ್ಲಿ ಹಾಸಿಗೆ ಹಾಸಿ, ಜನ ಪ್ಲಾಟ್‌ಫಾರ್ಮಿಗೆ ಬಂದು ನಿಂತಿದ್ದರು. ಗಾಡಿ ಹಿಂದಿನ ಸ್ಟೇಷನ್ ಬಿಟ್ಟಿದೆ ಎಂದು ಗಂಟೆ ಆಯಿತು. ನಾನು ಹಳಿ ಕೂಡಿಸಿ, ಬೀಗದ ಲಿವರ್ ಹಾಕಿ, ಅರಿವೆ ಸುತ್ತಿ, ಔಟರಿನ ಒಂದನೇ ನಂಬರಿಗಿಂತ ಮೊದಲು ಬರಬೇಕಾದ ಎರಡನೇ ನಂಬರನ್ನು ಹಿಡಿದು ಎಳೆದೆ.

ಒಂದು ಬೆರಳಷ್ಟು ಬಂತು. ಹಿಂದಕ್ಕೆ ಜಗ್ಗಿತು.

ಬಿಸಿಲಿಗೆ ತಂತಿ ಸಡಿಲಾಗಿರಬೇಕು ಎಂದುಕೊಂಡೆ. ಬೇಸಿಗೆಯಲ್ಲಿ ಆಗುವುದುಂಟು. ಮನುಷ್ಯರಿಗೆ ತಮಗೆ ಬೇಕಾದ ಕಾರಣ ಎಷ್ಟು ಬೇಗ ಸಿಗುತ್ತದೆ ನೋಡಿ. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಮಾಸ್ತರ್ರ, ಎರಡು ಬರಾವಲ್ದು," ಎಂದು ಕೂಗಿ ಹೇಳಿದೆ.

ಸ್ಟೇಷನ್ ಮಾಸ್ತರ್ ವಾದಿರಾಜರಾಯರು ನೇತುಹಾಕಿದ ಹಳಿ ತುಂಡನ್ನು ಮೂರು, ಮತ್ತೆ ಮೂರು ಬಾರಿ ಬಾರಿಸಿದರು. ಅದಕ್ಕೆ ಊರಲ್ಲಿ ಮಾತಿನ ಗಂಟೆ ಅನ್ನುತ್ತಾರೆ. ಜನ ಕ್ಯಾಬಿನ್ನಿನ ಮೆಟ್ಟಿಲ ಕೆಳಗೆ ಸೇರಿದರು. ಎಂದಿನಂತೆ ಟೇಲರ್ ಪರಸಣ್ಣ ಎಲ್ಲರಿಗಿಂತ ಮೊದಲು ಓಡಿ ಬಂದ. "ನಿಂದ ಹದಿನಾಲ್ಕು, ನೀ ಹೋಗಿ ಹೊಲಿ," ಎಂದು ರಾಯರು ಅವನನ್ನು ಕಳಿಸಿದರು. ಶಿವಲೀಲಾ ಎನ್ನುವವಳು ತನ್ನ ಮಾಳಿಗೆಯನ್ನು ಹಪ್ಪಳ ಒಣಗಿಸಲು ಇಬ್ಬರಿಗೆ ಕೊಟ್ಟಿದ್ದಳಂತೆ. ಅಲ್ಲೇ ಒಬ್ಬಳಿಗೆ ಇಲ್ಲವೆಂದಳು. ಶಾಲೆಯ ಮಾಸ್ತರು ಒಂದೇ ಭಾನುವಾರ ಹೆಂಡತಿಗೆ ತವರನ್ನೂ ಗೆಳೆಯರಿಗೆ ಇಸ್ಪೀಟನ್ನೂ ಒಪ್ಪಿಕೊಂಡಿದ್ದರು. ಇಸ್ಪೀಟು ಬಿಟ್ಟರು. ಒಬ್ಬರಾದ ಮೇಲೆ ಒಬ್ಬರಂತೆ ಹನ್ನೊಂದು ಜನ ತಮ್ಮ ತಮ್ಮ ಮಾತನ್ನು ಎಲ್ಲರೆದುರು ಹಿಂದಕ್ಕೆ ತೆಗೆದುಕೊಂಡರು. ಪ್ರತಿಸಲವೂ ರಾಯರು ತಲೆಯೆತ್ತಿ, "ಈಗ ನೋಡವಾ ಫಕೀರವ್ವ," ಅನ್ನುವರು. ನಾನು ಎಳೆಯುವೆ. ಪ್ರತಿಸಲವೂ ಅದೇ ಒಂದು ಬೆರಳು.

ಅಷ್ಟರಲ್ಲಿ ಗಾಡಿ ಔಟರಿಗೆ ಬಂದು ನಿಂತು ಒಂದು ತಾಸಾಗಿತ್ತು. ಔಟರಿನಲ್ಲಿ ನಿಂತ ಗಾಡಿಗಳಿಗೆ ಕುದಿಸಿದ ಶೇಂಗಾ ಮಾರುವ ಯಮನವ್ವ ಬುಟ್ಟಿಯನ್ನು ಅಲ್ಲೇ ಬಿಟ್ಟು ಹಳಿಗುಂಟ ಓಡಿ ಬಂದಳು. ಅವಳಿಗೆ ಉಸಿರು ಸಾಲದು.

"ಕಾಕಾಗ ಭಾಳ ಸಂಕಟ ಆಗೇತ್ರಿ. ಮಂಚದ ಮ್ಯಾಲ ಹೊತ್ಕೊಂಡ ಬರ್ತೀವಿ ಅಂದ್ರ ಒಲ್ಲೆ ಅಂತಾರ. ಕೈ ಬೀಳದ ನಾ ಊರಾಗ ಬರೂದಿಲ್ಲ, ಮೂವತ್ತೊಂದ ವರ್ಷ ಮಂದೀಗೆ ನಾನ ಹೇಳೇನಿ ಅಂತಾರ."

ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. "ಯಾರರ ಕಾಕಾಗ ಮಾತು ಕೊಟ್ಟೀರೇನ್ರೋ?" ಎಂದರು. "ಹಂಗಿದ್ರ ಅಂವ ಇರೂದ್ರಾಗ ಹೇಳ್ರಿ. ಅಂವ ಹೋದನಂದ್ರ ಎರಡನೇ ನಂಬರಿಗೆ ಬಿಳಿ ಬಣ್ಣ ಬಳೀಬೇಕಾಗ್ತದ. ಮುಂದ ಈ ಊರಿಗೆ ಗಾಡೀನ ಇಲ್ಲ."

ಕೆಳಗಿನ ಜನ ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಮೇಲೆ ನೋಡಲಿಲ್ಲ. ನನ್ನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ ಎನ್ನುವುದಕ್ಕೇ ನನಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಯಿತು. ಒಂಬತ್ತನೇ ನಂಬರು ಪಕ್ಕದಲ್ಲೇ ಬೆಳ್ಳಗೆ ನಿಂತಿತ್ತು. ಹನ್ನೊಂದು ಜನ ತಮ್ಮ ಸಣ್ಣಪುಟ್ಟ ಮಾತುಗಳನ್ನು ಬಿಟ್ಟುಕೊಡುವುದನ್ನು ನಾನು ಮೇಲಿನಿಂದ ನೋಡುತ್ತ ನಿಂತಿದ್ದೆ. ಕೈಯಲ್ಲಿ ಆ ಒಂದು ಬೆರಳು ಬಂದದ್ದು ಮೊದಲನೇ ಸಲವೇ ತಿಳಿದಿತ್ತು.

ಕ್ಯಾಬಿನ್ನಿನಲ್ಲಿ ಜಂಕ್ಷನ್ನಿಗೆ ಮಾತಾಡುವ ಫೋನು ಇದೆ. ಅದನ್ನು ಎತ್ತಿದೆ. ಗುರುಪಾದನಿಗೆ ಇಲ್ಲ ಅಂದರೆ ಮುಗಿಯಿತು, ಅದು ಸುಲಭ. ಕಾಕಾ ತಮ್ಮ ಕೊನೆಯ ದಿನಗಳಲ್ಲಿ ನನ್ನ ಬಾಯಿಂದ ಕೆಟ್ಟ ಮಾತು ಕೇಳಬೇಕಾಗಿಲ್ಲ. ಆಚೆಯಿಂದ ಯಾರೋ "ಹಲೋ, ಯಾರು ಬೇಕು?" ಎಂದರು. ನನಗೆ ಯಾರು ಬೇಕು ಎನ್ನುವುದು ಅಷ್ಟು ಸ್ಪಷ್ಟವಾಗಿ ನನಗೆ ಹಿಂದೆಂದೂ ತಿಳಿದಿರಲಿಲ್ಲ. ಫೋನು ಇಟ್ಟುಬಿಟ್ಟೆ. ಮೆಟ್ಟಿಲಿಳಿದು ರಾಯರ ಎದುರು ನಿಂತೆ.

"ಮಾಸ್ತರ್ರ, ನಂದ ಐತ್ರಿ," ಎಂದೆ.

ಅವರು ಬೈಯಲಿಲ್ಲ, ಏನು ಮಾತು ಎಂದೂ ಕೇಳಲಿಲ್ಲ. "ಹೋಗು, ಓಡು. ಲಿವರಿಗೆ ಯಾರವಾ?" ಎಂದರು ಅಷ್ಟೆ.

"ನೀವ. ಮೊದಲು ಎರಡು, ಆಮ್ಯಾಲ ಒಂದು. ಜಗ್ಗಾಡಬ್ಯಾಡ್ರಿ. ಬರೂ ಹೊತ್ತಿಗೆ ತಾನ ಬರ್ತದ."

"ನಾ ಬರಿಯೂ ಮನಷ್ಯಾ. ಇಷ್ಟ ವರ್ಷದಾಗ ಒಮ್ಮಿನೂ ಮುಟ್ಟಿಲ್ಲ ಅದನ್ನ," ಎನ್ನುತ್ತಲೇ ಅವರು ಧೋತರ ಎತ್ತಿ ಮೆಟ್ಟಿಲು ಹತ್ತತೊಡಗಿದ್ದರು.

ಔಟರಿಗೆ ಮುಕ್ಕಾಲು ಮೈಲಿ. ತಂತಿಯ ಪಕ್ಕದಲ್ಲಿ ಓಡಿದೆ. ಹನ್ನೊಂದು ವರ್ಷ ಆ ತಂತಿಯ ಒಂದು ತುದಿಯಲ್ಲಿ ನಿಂತವಳು, ಇನ್ನೊಂದು ತುದಿಗೆ ಓಡುತ್ತಿದ್ದೆ. ಎಷ್ಟು ರಾಟೆಗಳು, ಎಷ್ಟು ಗೂಟಗಳು. ಒಂದು ಲಿವರ್ ಇಷ್ಟನ್ನೆಲ್ಲ ಎಳೆಯುತ್ತದೆ ಎನ್ನುವುದು ಗೊತ್ತಿದ್ದದ್ದೇ, ಆದರೆ ಕಾಲಿಗೆ ಗೊತ್ತಾದದ್ದು ಅವತ್ತು. ಕಂಬದ ಬುಡಕ್ಕೆ ಬಂದಾಗ ಮೇಲೆ ಕೆಂಪು ಕೈ ಬಿಸಿಲಲ್ಲಿ ಅಡ್ಡವಾಗಿ ನಿಂತಿತ್ತು. ಅದರ ಕೆಳಗೆ ಇಡೀ ಗಾಡಿ ಉಸಿರು ಹಿಡಿದುಕೊಂಡಂತೆ ಸುಮ್ಮನಿತ್ತು. ನನಗೆ ನನ್ನ ಒಂದಕ್ಷರದ ಹೂಂ ನೆನಪಾಯಿತು. ಅಷ್ಟು ಸಣ್ಣದು ಇಷ್ಟು ದೊಡ್ಡದನ್ನು ಹಿಡಿದು ನಿಲ್ಲಿಸಿತ್ತು.

ಕಾಕಾ ಮೂರನೇ ಡಬ್ಬಿಯಲ್ಲಿ ಬೆಂಚಿನ ಮೇಲೆ ಮಲಗಿದ್ದರು. ತಲೆ ಜೈತುನಬಿಯ ತೊಡೆಯ ಮೇಲಿತ್ತು. ಎರಡೇ ವಾರದಲ್ಲಿ ಅರ್ಧವಾಗಿದ್ದರು. ನನ್ನ ಹೆಜ್ಜೆ ಕೇಳಿಯೇ ಕಣ್ಣು ತೆರೆದರು.

"ಕ್ಯಾಬಿನ್ ಬಿಟ್ಟ ಬಂದಿ?" ಎಂದರು.

ನಾನು ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಗುರುಪಾದ, ಸೈಕಲ್ಲು, ಹುಣಸೆಮರ, ಹೂಂ. "ಕಂಬದ ಆಚೀಕ ಅಂದಿದ್ದೆ ಕಾಕಾ. ಅದು ತಾಗೂದಿಲ್ಲ ಅಂತ ತಿಳದಿದ್ದೆ."

ಕಾಕಾ ಉಸಿರು ಕೂಡಿಸಿಕೊಂಡರು. "ಸುಳ್ಳ ಮಾತಿದ್ರ ಮರದ ಬುಡಕ್ಕ ಉಳೀತದ ಮಗಳ. ಅದಕ್ಕ ಮಂದೀದು ತಾಗೂದಿಲ್ಲ. ನೀ ಖರೇ ಅಂದಿ. ಖರೇ ಅಂದದ್ದು ನಿನ್ನ ಬೆನ್ನ ಹತ್ತಿ ಒಳಗ ಬಂತು."

"ಏನ್ ಮಾಡ್ಲಿ ಕಾಕಾ?"

"ನನ್ನ ಯಾಕ ಕೇಳ್ತಿ? ಮಾತ ಕೊಟ್ಟಾಕಿ ನೀನು. ಯಾವದ ಇಟ್ಕೋತಿ, ಯಾವದ ಬಿಡ್ತಿ, ನೀನ ಹೇಳಬೇಕು. ನಾ ಬಿಟ್ಟಕೊಟ್ರ ಅದು ಬಿಡೂದಿಲ್ಲ." ಅವರ ಬೆರಳು ಬೆಂಚಿನ ಅಂಚಿನ ಮೇಲೆ ಸುಮ್ಮನೆ ಆಡುತ್ತಿದ್ದವು. "ಲಗೂ ಹೇಳು. ನನಗ ಹೊತ್ತಿಲ್ಲ."

ಅವರ ಮುಖ ನೋಡಿಕೊಂಡು ಹೇಳಲು ಆಗಲಿಲ್ಲ. ಕೈ ನೋಡಿಕೊಂಡು ಹೇಳಿದೆ. ನನಗೆ ಕೆಲಸ ಕಲಿಸಿದ ಕೈ ಅದು. "ನಿಮಗ ಕೊಟ್ಟ ಮಾತು ಹಿಂದಕ್ಕ ತಗೋತೀನಿ ಕಾಕಾ. ನಾ ಕ್ಯಾಬಿನ್ ಬಿಟ್ಟ ಹೋಗ್ತೀನಿ. ಹೋಗಬೇಕು ಅಂತ ನನಗ ಮನಸೈತಿ."

ಜೈತುನಬಿ ಮುಖ ಕಿಟಕಿಯ ಕಡೆ ತಿರುಗಿಸಿದಳು. ಕಾಕಾನ ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ನೋವಾಗಿತ್ತು, ಆಗದೆ ಹೇಗಿದ್ದೀತು? ನಾನು ಅದನ್ನು ಒರೆಸಲು ಹೆಗಲ ಅರಿವೆ ತೆಗೆದೆ. ಆಗ ಹೊರಗೆ, ದೂರದಿಂದ, ರಾಟೆಯ ಮೇಲೆ ರಾಟೆ ಹಾಡುತ್ತ ತಂತಿ ಓಡಿ ಬಂತು. ಊರಿನ ಕಡೆಯಿಂದ ನಮ್ಮ ಕಡೆಗೆ, ಒಂದೊಂದು ಗೂಟವನ್ನೂ ದಾಟಿ, ಕಂಬದ ಬುಡಕ್ಕೆ ಬಂದು ಮುಟ್ಟಿತು. ಮೇಲೆ ಕಂಬದ ಕೈ ಧಡಕ್ಕನೆ ಇಳಿಯಿತು.

ಕಾಕಾ ಕಿವಿಗೊಟ್ಟು ಕೇಳಿದರು. ಅವರ ಹುಬ್ಬು ಗಂಟಾಯಿತು.

"ಯಾರದು ಕೈ?"

"ಮಾಸ್ತರ್ರು."

"ಅರಿವಿ ಇಲ್ಲದ ಹಿಡದಾನ," ಎಂದರು. ನನ್ನ ಕೈಯಲ್ಲಿದ್ದ ಅರಿವೆ ನೋಡಿ ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

ಗಾಡಿ ಕೂಗಿ ಹೊರಟಿತು. ಕಾಕಾ ತಮ್ಮನ್ನು ಎಬ್ಬಿಸಿ ಕೂರಿಸಿ ಎಂದು ಹಟ ಹಿಡಿದರು. ನಾನೂ ಜೈತುನಬಿಯೂ ಎರಡು ಕಡೆ ಆತು ಕೂರಿಸಿದೆವು. ಗಾಡಿ ತಿರುವು ದಾಟಿತು. ಮುಂದೆ ಊರಿನ ಕೈಮರ ಕಾಣಿಸಿತು. ಎತ್ತರದ ಕಂಬದಲ್ಲಿ ಕೆಂಪು ಕೈ ತಲೆಬಾಗಿದಂತೆ ಇಳಿದು, ಬಾ ಎನ್ನುತ್ತಿತ್ತು. ಅದರ ಹಿಂದೆ ನಮ್ಮ ಕ್ಯಾಬಿನ್, ಗಾಜಿನ ಕಿಟಕಿಯಲ್ಲಿ ಲಿವರ್ ಹಿಡಿದೇ ನಿಂತ ರಾಯರು. ಪ್ಲಾಟ್‌ಫಾರ್ಮಿನಲ್ಲಿ ಇಡೀ ಊರು ನಿಂತಿತ್ತು. ಕಾಕಾ ಕಿಟಕಿಯ ಸರಳು ಹಿಡಿದು ಕೈಮರವನ್ನೇ ನೋಡುತ್ತಿದ್ದರು. ಈ ಆಸ್ಪತ್ರೆಗಲ್ಲದೆ ಅವರು ಊರು ಬಿಟ್ಟು ಹೋದವರೇ ಅಲ್ಲ, ಗಾಡಿಯಲ್ಲಿ ಕೂತು ಊರೊಳಗೆ ಬಂದದ್ದು ಅದೇ ಮೊದಲು ಎಂದು ನನಗೆ ಆಗ ಹೊಳೆಯಿತು.

"ಬರೂ ಮಂದೀಗೆ ಇದು ಹಿಂಗ ಕಾಣ್ತಿತ್ತೇನು?" ಎಂದರು. ದನಿ ಬಹಳ ಸಣ್ಣದಾಗಿತ್ತು. "ಮೂವತ್ತೊಂದ ವರ್ಷ ನಾ ಎಳದದ್ದು ಇದನ್ನೇನು?" ಕಂಬ ಹತ್ತಿರ ಬಂದಾಗ ಬಲಗೈ ಎತ್ತಿ ಹಣೆಗೆ ಮುಟ್ಟಿಸಿ ಅದಕ್ಕೆ ಸಲಾಮು ಮಾಡಿದರು.

ಅವರು ಆಮೇಲೆ ನಾಲ್ಕು ದಿನ ಇದ್ದರು. ಆ ನಾಲ್ಕು ದಿನವೂ ರಾಯರನ್ನು ಮಂಚದ ಪಕ್ಕ ಕೂರಿಸಿಕೊಂಡು, ಬಾಗಿಲ ಚಿಲಕವನ್ನೇ ಲಿವರ್ ಮಾಡಿ, ಹೇಗೆ ಹಿಡಿಯಬೇಕೆಂದು ಹೇಳಿಕೊಟ್ಟರು. ಶುಕ್ರವಾರ ಹೋದರು. ಅವರ ದಫನ್ ಆದ ಮೇಲೆ ನಾನು ಹೆದರುತ್ತಲೇ ಎರಡನೇ ನಂಬರನ್ನು ಹಿಡಿದೆ, ಅದು ಹಗುರಾಗಿ ಬಂತು. ಹಿಡಿಕೆಯ ಉಕ್ಕಿನ ಮೇಲೆ ರಾಯರ ಐದು ಬೆರಳು ತುಕ್ಕಾಗಿ ಮೂಡಿದ್ದವು. ಇಟ್ಟಿಗೆ ಪುಡಿ ಹಾಕಿ ತಿಕ್ಕಿದ್ದರೆ ಹೋಗುತ್ತಿತ್ತು. ನನಗೆ ತಿಕ್ಕಲು ಮನಸ್ಸಾಗಲಿಲ್ಲ. ಅರಿವೆಯನ್ನು ರಾಯರ ಹೆಗಲಿಗೆ ಹಾಕಿ, ಇಪ್ಪತ್ತೊಂದು ಮೆಟ್ಟಿಲು ಇಳಿದು ಸೋಮವಾರದ ಗಾಡಿ ಹತ್ತಿದೆ. ನನ್ನ ಜಾಗಕ್ಕೆ ಹೊರಗಿನವನೇ ಬಂದನಂತೆ. ಮೊದಲ ವಾರವೇ ಲಿವರ್ ಬರಲಿಲ್ಲವೆಂದು ಎಣ್ಣೆ, ಸುತ್ತಿಗೆ ತಂದನಂತೆ. ರಾಯರು ಅವನಿಗೆ ಒಂದು ಲೋಟ ಚಹಾ ಕೊಟ್ಟು ಕೂರಿಸಿ, ಊರಲ್ಲಿ ಹೆಂಡತಿಗೆ ಏನು ಹೇಳಿ ಬಂದಿದ್ದೀ ಎಂದು ಕೇಳಿದರಂತೆ.

ಇಲ್ಲಿ ಸಮುದ್ರದ ಕಡೆ ನಮಗೆ ಹಳಿಯ ಪಕ್ಕದಲ್ಲೇ ಮನೆ. ಇಲ್ಲಿಯ ಜನ ದಾರಿಯಲ್ಲಿ ಸಿಕ್ಕವರಿಗೆಲ್ಲ ಬರುತ್ತೇನೆ, ಕೊಡುತ್ತೇನೆ, ಮಾಡುತ್ತೇನೆ ಅನ್ನುತ್ತಲೇ ಇರುತ್ತಾರೆ, ಕೈಮರ ತನ್ನ ಪಾಡಿಗೆ ಬೀಳುತ್ತಲೇ ಇರುತ್ತದೆ. ನನಗೆ ಇನ್ನೂ ರೂಢಿಯಾಗಿಲ್ಲ. ಮೊನ್ನೆ ಗುರುಪಾದ ಊಟ ಮಾಡುತ್ತ, "ಇಲ್ಲಿ ನಿನಗ ಚಲೋ ಅನಸ್ತದಲ್ಲ? ಕಡೀತನಕ ನನ್ನ ಕೂಡ ಇರ್ತಿ ಹೌದಿಲ್ಲೋ?" ಎಂದು ಕೇಳಿದ. ಕೇಳುವುದರಲ್ಲಿ ತಮಾಷೆಯಿತ್ತು. ಐದರ ಗಾಡಿಗೆ ಗಂಟೆಯಾಗಿತ್ತು. ನಾನು ಎದ್ದು ಕಿಟಕಿಗೆ ಹೋಗಿ, ಕೈಮರದ ಕಡೆ ನೋಡುತ್ತ ನಿಂತು, ಹೂಂ ಅಂದೆ. ಕೈ ಇಳಿಯುವ ತನಕ ಅಲ್ಲಿಂದ ಕದಲಲಿಲ್ಲ.